ಹಳೇ ಹಾರ್ಡ್ ಡಿಸ್ಕ್ ಓದುತ್ತಿಲ್ಲ ಅಂತ ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ

ಹಳೇ ಕಂಪ್ಯೂಟರ್‌ಗೆ ಜೀವ ಕೊಡೋಕೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡಿಸ್ಕ್ ಓದುತ್ತಿಲ್ಲ ಅಂದರೆ ಕಂಟ್ರೋಲರ್ ಕಾರ್ಡ್ (ಡಿಸ್ಕನ್ನು ನಡೆಸುವ ಕಾರ್ಡ್) ಬದಲಾಯಿಸಬೇಡಿ, ಫಾರ್ಮ್ಯಾಟೂ ಮಾಡಬೇಡಿ. ನಾನು ಮಾಡಿದೆ. ಹೋಗಿದ್ದು ನನ್ನ ವಸ್ತುವಾಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಅದು ನನಗೆ ಕಾಲೇಜಿನಲ್ಲಿ ಪಾಠ ಮಾಡಿದ ಮೇಷ್ಟ್ರ ಕಂಪ್ಯೂಟರ್. 286 ಪ್ರೊಸೆಸರ್, 20 ಎಂಬಿ ಹಾರ್ಡ್ ಡಿಸ್ಕ್, ಮತ್ತೆ ಒಂದು ಉದ್ದನೆಯ ಕಾರ್ಡ್. ಕಾರ್ಡ್ ಹಿಂದೆ 37 ಪಿನ್ ಕನೆಕ್ಟರ್. ಅದಕ್ಕೆ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಜೋಡಿಸಿ ಅವರು ವರ್ಷಗಟ್ಟಲೆ ಕುಲುಮೆಯ ಶಾಖ ಅಳೆದಿದ್ದರು. ಕಾರ್ಡ್ ಮೇಲೆ ಕಂಪನಿ ಹೆಸರಿಲ್ಲ. ಅಮೆರಿಕದ ಎಫ್‌ಸಿಸಿ ಸಂಸ್ಥೆಯ ಅನುಮತಿ ನಂಬರ್ ಇದ್ದಿದ್ದರೆ ಅದನ್ನು ಹಿಡಿದು ತಯಾರಿಸಿದವರನ್ನು ಹುಡುಕಬಹುದಿತ್ತು, ಅದೂ ಇಲ್ಲ. ಎರಡು ಸಾಲು ಜಂಪರ್ (ಸೆಟ್ಟಿಂಗ್ ಬದಲಿಸುವ ಪುಟ್ಟ ಪಿನ್ನುಗಳು), ಒಂದು ಇಪ್ರಾಮ್ (ಪ್ರೋಗ್ರಾಂ ಬರೆದಿಟ್ಟ ಮೆಮೊರಿ ಚಿಪ್), ಅಷ್ಟೇ ಗುರುತು. ಆ ಕಾರ್ಡ್ ನಡೆಸುವ ಸಾಫ್ಟ್‌ವೇರ್ (ಡ್ರೈವರ್), ಅಳತೆಯ ಫೈಲುಗಳು ಎಲ್ಲಾ ಆ ಡಿಸ್ಕಿನಲ್ಲೇ ಇದ್ದವು. ಬೇರೆ ಕಾಪಿ ಎಲ್ಲೂ ಇರಲಿಲ್ಲ.

"ಒಂದ್ಸಲ ಆನ್ ಆದ್ರೆ ಸಾಕು ಕಣಯ್ಯ, ನನ್ನ ರೀಡಿಂಗ್ಸ್ ನೋಡ್ಬೇಕು" ಅಂದಿದ್ದರು ಮೇಷ್ಟ್ರು.

ಪವರ್ ಸಪ್ಲೈ ವಿಷಯದಲ್ಲಿ ನಾನು ಹುಷಾರಾಗಿಯೇ ಇದ್ದೆ. ಒಳಗಿನ ಹಳೇ ಫಿಲ್ಟರ್ ಕೆಪಾಸಿಟರ್ ಕವಚ ಬಿರುಕು ಬಿಟ್ಟಿತ್ತು. ಇಂಥವು ಕರೆಂಟ್ ಕೊಟ್ಟ ಕೆಲವೇ ನಿಮಿಷದಲ್ಲಿ ಹೊಗೆ ಕಾರಬಹುದು, ಹಾಗಾಗಿ ಮೊದಲೇ ಬದಲಾಯಿಸಿದೆ. ಮದರ್‌ಬೋರ್ಡಿಗೆ ಹೋಗುವ ಪಿ8, ಪಿ9 ಕನೆಕ್ಟರ್ ಹಾಕುವಾಗ ಕಪ್ಪು ವೈರುಗಳು ಮಧ್ಯದಲ್ಲಿ ಅಕ್ಕಪಕ್ಕ ಬಂದಿವೆಯಾ ಅಂತ ಎರಡು ಸಲ ನೋಡಿದೆ. ಅದಲುಬದಲಾದರೆ ಬೋರ್ಡ್ ಸುಟ್ಟು ಹೋಗುತ್ತದೆ.

ಬ್ಯಾಟರಿ ಮಾತ್ರ ನನಗಿಂತ ಮೊದಲೇ ಕೆಲಸ ಕೆಡಿಸಿತ್ತು. ಆ ಕಾಲದ ಬೋರ್ಡುಗಳಲ್ಲಿ ಪುಟ್ಟ ಪೀಪಾಯಿಯ ಹಾಗಿರುವ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಅದು ಸೋರಿತ್ತು. ಕೀಬೋರ್ಡ್ ಸಾಕೆಟ್ ಸುತ್ತ ನೀಲಿ-ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಸೋರಿದ ದ್ರವ ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಬ್ಯಾಟರಿ ಕತ್ತರಿಸಿ ತೆಗೆದು, ಹತ್ತಿಗೆ ವಿನೆಗರ್ ಅದ್ದಿ ಒರೆಸಿದೆ. ಸಣ್ಣಗೆ ನೊರೆ ಬಂತು. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಬೋರ್ಡ್ ಪೂರ್ತಿ ಒಣಗಿದ ಮೇಲೆ ಆನ್ ಮಾಡಿದೆ. ಮೆಮೊರಿ ಎಣಿಕೆ ಶುರುವಾಯಿತು! ಆದರೆ ಕೊನೆಯಲ್ಲಿ ಸ್ಕ್ರೀನ್ ಮೇಲೆ 1701 ಅಂತ ಬಂತು. ಹಾರ್ಡ್ ಡಿಸ್ಕ್ ಎರರ್.

ಡಿಸ್ಕ್ ತಿರುಗುವ ಸದ್ದು ಚೆನ್ನಾಗಿಯೇ ಇತ್ತು. ಹಾಗಾಗಿ ಕಂಟ್ರೋಲರ್ ಕಾರ್ಡ್ ಸತ್ತಿದೆ ಅಂದುಕೊಂಡೆ. ನೋಡೋಕೆ ಅದೇ ಥರ ಇದ್ದ ಇನ್ನೊಂದು ಕಾರ್ಡ್ ತಂದು ಹಾಕಿದೆ. ಅದೂ 8 ಬಿಟ್, ಅದಕ್ಕೂ ತನ್ನದೇ ಬಯಾಸ್ (ಚಿಪ್ಪಿನಲ್ಲೇ ಇರುವ ಚಾಲನಾ ಪ್ರೋಗ್ರಾಂ), ಅದೇ 34 ಮತ್ತು 20 ಎಳೆಯ ಎರಡು ಕೇಬಲ್. ಆಗಲೂ ಓದಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಎಂಎಫ್‌ಎಂ (ಡೇಟಾ ಬರೆಯುವ ಒಂದು ಹಳೇ ವಿಧಾನ) ಕಾಲದ ಡಿಸ್ಕ್ ಈಗಿನ ಡಿಸ್ಕಿನ ಹಾಗಲ್ಲ. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಡೇಟಾವನ್ನು ಕಾಂತದ ಗುರುತಾಗಿ ಹೇಗೆ ಬರೆಯಬೇಕು, ಪ್ರತಿ ಸೆಕ್ಟರ್ (ಡೇಟಾ ಇಡುವ ಪುಟ್ಟ ತುಂಡು) ಎಲ್ಲಿ ಶುರು, ಎಲ್ಲವನ್ನೂ ಕಂಟ್ರೋಲರ್ ಕಾರ್ಡೇ ತೀರ್ಮಾನಿಸುತ್ತದೆ. ಒಂದೊಂದು ತಯಾರಕರದ್ದು ಒಂದೊಂದು ರೀತಿ. ಒಂದು ಕಾರ್ಡ್ ಬರೆದಿದ್ದನ್ನು ಇನ್ನೊಂದು ಓದದೇ ಇದ್ದರೆ ಡಿಸ್ಕ್ ಕೆಟ್ಟಿದೆ ಅಂತ ಅರ್ಥ ಅಲ್ಲ.

ಇದು ನನಗೆ ಆಗ ಗೊತ್ತಿರಲಿಲ್ಲ. ಯಾರೋ ಹೇಳಿದ್ದು ನೆನಪಿತ್ತು: ಡೀಬಗ್ ಅನ್ನುವ ಪ್ರೋಗ್ರಾಂ ತೆರೆದು ಜಿ=ಸಿ800:5 ಅಂತ ಟೈಪ್ ಮಾಡಿದರೆ ಕಾರ್ಡಿನ ಬಯಾಸ್‌ನಲ್ಲಿರುವ ಲೋ ಲೆವೆಲ್ ಫಾರ್ಮ್ಯಾಟ್ ಬರುತ್ತದೆ, ಡಿಸ್ಕ್ ಸರಿಹೋಗುತ್ತದೆ ಅಂತ. ಮಾಡಿದೆ. 615 ಸಿಲಿಂಡರ್ (ಡಿಸ್ಕ್ ಮೇಲಿನ ವೃತ್ತಾಕಾರದ ಹಾದಿಗಳು), 4 ಹೆಡ್ (ಓದಿ ಬರೆಯುವ ಭಾಗ). ಹೆಡ್ ಟಿಕ್ ಟಿಕ್ ಅಂತ ಒಂದೊಂದೇ ಹೆಜ್ಜೆ ಸರಿಯುತ್ತಿತ್ತು, ನಾನು ಖುಷಿಯಾಗಿ ಕೇಳುತ್ತಾ ಕೂತಿದ್ದೆ. ಒಂದೇ ಒಂದು ಎರರ್ ಬರಲಿಲ್ಲ. ಡಿಸ್ಕ್ ಅಷ್ಟು ಗಟ್ಟಿಯಾಗಿತ್ತು. ಮೇಷ್ಟ್ರ ರೀಡಿಂಗ್ಸ್ ಅದರಲ್ಲಿ ಇದ್ದವು ಅನ್ನುವುದು ಅದು ಮುಗಿದ ಮೇಲೆ ತಲೆಗೆ ಹೊಳೆಯಿತು. ಕೈಕಾಲು ತಣ್ಣಗಾದವು. ಲೋ ಲೆವೆಲ್ ಫಾರ್ಮ್ಯಾಟ್ ಸೆಕ್ಟರುಗಳನ್ನೇ ಹೊಸದಾಗಿ ಬರೆಯುತ್ತದೆ. ಡಿಲೀಟ್ ಆದ ಫೈಲ್ ಹುಡುಕಿಕೊಡುವ ಯಾವ ಸಾಫ್ಟ್‌ವೇರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಒಂದು ವಾರ ಆದ ಮೇಲೆ ಹಳೇ ಕಂಟ್ರೋಲರ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಸ್ಲಾಟ್ ಒಳಗೆ ಕೂರುವ ಚಿನ್ನದ ಬಣ್ಣದ ಪಟ್ಟಿಗಳಲ್ಲಿ ನಾಲ್ಕರ ಮೇಲೆ ತೆಳು ಹಸಿರು ಪೊರೆ. ಬ್ಯಾಟರಿಯ ಕ್ಷಾರ ಪಕ್ಕದ ಸ್ಲಾಟ್ ತನಕ ಹರಿದಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಆಲ್ಕೋಹಾಲ್‌ನಿಂದ ಒರೆಸಿ, ಬೇರೆ ಸ್ಲಾಟಿಗೆ ಹಾಕಿದೆ. ಕಾರ್ಡ್ ಎದ್ದಿತು. ಅದರಲ್ಲೇ ಇನ್ನೊಂದು ಸಲ ಫಾರ್ಮ್ಯಾಟ್ ಮಾಡಿದೆ, ಇವತ್ತಿಗೂ ಓದುತ್ತದೆ, ಬರೆಯುತ್ತದೆ. ಐದು ನಿಮಿಷದ ರಬ್ಬರ್ ಕೆಲಸ ಆಗಿತ್ತು ಅದು.

ನಿಮ್ಮ ಹತ್ತಿರ ಇಂಥ ಮೆಷಿನ್ ಇದ್ದರೆ ಏನನ್ನೂ ಬಿಚ್ಚುವ ಮೊದಲು ಪ್ರತಿ ಕಾರ್ಡ್, ಜಂಪರ್, ಕೇಬಲ್ ಫೋಟೊ ತೆಗೆಯಿರಿ. ಡಿಸ್ಕ್ ಮತ್ತು ಅದರ ಕಂಟ್ರೋಲರನ್ನು ಒಂದೇ ವಸ್ತು ಅಂತ ತಿಳಿದು ಜೊತೆಗೇ ಇಡಿ. ಕಾರ್ಡ್ ನಿಜವಾಗಿ ಸತ್ತಿದ್ದರೂ ದಾರಿ ಇದೆ: ಬೀಗಲ್‌ಬೋನ್ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆ ಕೂರಿಸುವ ಎಂಎಫ್‌ಎಂ ರೀಡರ್ ಬಂದಿದೆ, ಅದು ಡಿಸ್ಕಿನ ಸಿಗ್ನಲ್ಲನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಹಲವು ಕಂಟ್ರೋಲರುಗಳ ಬರವಣಿಗೆ ಅದಕ್ಕೆ ಅರ್ಥವಾಗುತ್ತದೆ. ಇಪ್ರಾಮ್ ಮೇಲಿನ ಸ್ಟಿಕ್ಕರ್ ಕೀಳಬೇಡಿ, ಕೆಳಗಿರುವ ಗಾಜಿನ ಕಿಟಕಿಗೆ ಬಿಸಿಲು ಬೀಳುತ್ತಾ ಹೋದರೆ ಅದರಲ್ಲಿರುವುದು ಅಳಿಸಿ ಹೋಗುತ್ತದೆ.

ಮೇಷ್ಟ್ರಿಗೆ ಮನೆಗೇ ಹೋಗಿ ಹೇಳಿದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಕಾರ್ಡ್ ಆದ್ರೂ ಕೆಲ್ಸ ಮಾಡುತ್ತಾ?" ಅಂತ ಕೇಳಿದರು. ಅವರು ಕೇಳಿದ್ದು ಶಾಖ ಅಳೆಯುವ ಆ ಉದ್ದನೆಯ ಕಾರ್ಡ್ ಬಗ್ಗೆ. ಡ್ರೈವರ್ ಇಲ್ಲದೆ ಅದನ್ನು ಪರೀಕ್ಷೆ ಮಾಡೋಕೂ ಆಗುತ್ತಿಲ್ಲ. ಇಪ್ರಾಮ್ ಕಾಪಿ ಮಾಡಿಟ್ಟಿದ್ದೇನೆ. ಉದ್ದನೆಯ ಐಎಸ್‌ಎ (ಹಳೇ ಕಾಲದ ಸ್ಲಾಟ್) ಕಾರ್ಡ್, 37 ಪಿನ್ ಕನೆಕ್ಟರ್, ಎರಡು ಸಾಲು ಜಂಪರ್, ಹೆಸರಿಲ್ಲ. ಇಂಥದ್ದನ್ನು ಬಳಸಿದವರು, ಅದರ ಫ್ಲಾಪಿ ಎಲ್ಲಾದರೂ ಎತ್ತಿಟ್ಟವರು ಇದ್ದರೆ ದಯವಿಟ್ಟು ನನಗೆ ತಿಳಿಸಿ.