ಅತ್ತೆಯ ಬೆನ್ನು ನೆಟ್ಟಗಾಗಲೆಂದು ಹೋದೆವು, ಪಕ್ಕೆಲುಬು ಮುರಿಯಿತು

ಮನೆಯಲ್ಲಿ ಬೆನ್ನು ಬಾಗಿದ ಹಿರಿಯರಿದ್ದರೆ, ಅದರಲ್ಲೂ ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅತ್ತೆಯವರಿಗೆ 67 ವರ್ಷ, ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ನಡುರಾತ್ರಿಯವರೆಗೂ ಏಳದೆ ಸುಲಿದವರು. ಬೆನ್ನುನೋವು ಅವರಿಗೆ ಹೊಸದಲ್ಲ. ಆದರೆ ನಾಲ್ಕೈದು ವರ್ಷಗಳಿಂದ ಬೆನ್ನಿನ ಮೇಲ್ಭಾಗ ಗೂನಾಗುತ್ತ ಬಂದಿತ್ತು. ಹಿಂದೆ ಸರಿಯಾಗಿ ಬರುತ್ತಿದ್ದ ಸೀರೆ ನೆಲ ಗುಡಿಸತೊಡಗಿತ್ತು. ಸೊಂಟದಲ್ಲಿ ಒಂದು ಮಡಿಕೆ ಹೆಚ್ಚಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ದಿನವೂ ನೋಡುತ್ತಿದ್ದೆ. ಅದು ಏನನ್ನು ಹೇಳುತ್ತಿದೆ ಎಂದು ನನಗೆ ಹೊಳೆಯಲಿಲ್ಲ.

ಶಿವಮೊಗ್ಗದ ಒಂದು ಕೇಂದ್ರದವರು ಔಷಧವಿಲ್ಲದೆ, ಹತ್ತೇ ಭೇಟಿಗಳಲ್ಲಿ ಬೆನ್ನು ನೆಟ್ಟಗೆ ಮಾಡುತ್ತೇವೆ ಎಂದರು. 18,000 ರೂಪಾಯಿ ಮುಂಗಡ. ಅತ್ತೆ ತಮ್ಮ ಕೂಡಿಟ್ಟ ಹಣದಿಂದಲೇ ಕೊಟ್ಟರು.

ಅವರು ಹೇಳಿದ ಪದ್ಧತಿ ಸುಳ್ಳಲ್ಲ. ಐಡಾ ರಾಲ್ಫ್ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿ (1896–1979) ರೂಪಿಸಿದ್ದು, ‘ರಾಲ್ಫಿಂಗ್’ ಎಂದೇ ಹೆಸರಾಗಿದೆ. ಸ್ನಾಯುಗಳನ್ನು ಹೊದ್ದಿರುವ ಪೊರೆಯನ್ನು ಕೈಯಿಂದ, ಗೆಣ್ಣುಗಳಿಂದ, ಮೊಣಕೈಯಿಂದ ಒತ್ತಿ ಸಡಿಲಿಸಿ ದೇಹದ ನಿಲುವನ್ನು ತಿದ್ದುವುದು ಅದರ ಉದ್ದೇಶ. ಹತ್ತು ಭೇಟಿಗಳ ಸರಣಿ ಅದರದೇ ಕ್ರಮ. ಅದರಿಂದ ಹಗುರವೆನಿಸಿದವರೂ ಇದ್ದಾರೆ. ಆದರೆ ಅತ್ತೆಯವರಿಗೆ ಯಾವ ಕಾಯಿಲೆಯಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಎತ್ತರ ಕಡಿಮೆಯಾಗಿದೆಯೇ ಎಂದು ಆ ಕೇಂದ್ರದಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮಿಂದ ಕೇಳಿ ಬರೆದುಕೊಂಡದ್ದು ಹೆಸರು ಮತ್ತು ಮೊಬೈಲ್ ಸಂಖ್ಯೆ ಮಾತ್ರ.

ಮೊದಲ ದಿನ ಒಂದು ಫೋಟೊ ತೆಗೆದರು: “ಅಮ್ಮಾ, ಹೇಗಿದ್ದೀರೋ ಹಾಗೇ ನಿಲ್ಲಿ.” ಎರಡನೆಯ ಭೇಟಿ ಮುಗಿದ ಮೇಲೆ ಇನ್ನೊಂದು: “ಗಲ್ಲ ಎತ್ತಿ, ಉಸಿರು ಎಳೆದುಕೊಳ್ಳಿ, ಹಾಂ, ಹಾಗೇ.” ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗ ನಾನೂ ನಂಬಿದೆ. ಉಸಿರು ಬಿಟ್ಟೊಡನೆ ಅತ್ತೆ ಮೊದಲಿನಂತೆಯೇ ಬಾಗಿದ್ದನ್ನು ಕಣ್ಣಾರೆ ಕಂಡಿದ್ದೂ ನಂಬಿದೆ.

ಮೂರನೆಯ ಸಲ, ಆಷಾಢದ ಮಳೆಯಲ್ಲಿ ಹೋದೆವು. ಅಲ್ಲಿನ ಚಿಕಿತ್ಸಕ ಅತ್ತೆಯವರನ್ನು ಬೋರಲು ಮಲಗಿಸಿ ಎಡಹೆಗಲ ಕೆಳಗೆ ಮೊಣಕೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಅತ್ತೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದರು. “ಅತ್ತೆ, ಸಾಕು ಎನ್ನಿ” ಎಂದೆ. “ಹಳೆಯ ನೋವು ಹೊರಗೆ ಬರುತ್ತಿದೆ, ತಡೆದುಕೊಳ್ಳಿ” ಎಂದ ಅವನು. ಅಷ್ಟರಲ್ಲಿ ಒಣ ಪುಳ್ಳೆ ಮುರಿದಂತೆ ಲಟಕ್ಕೆಂದಿತು. ಗಂಟು ಬಿಟ್ಟುಕೊಂಡಿತು ಎಂದು ನಗುತ್ತ ಹೇಳಿದ.

ಮಂಡಗದ್ದೆ ದಾಟುವವರೆಗೂ ಬಸ್ಸಿನಲ್ಲಿ ಅತ್ತೆ ಮಾತಾಡಲಿಲ್ಲ. ಪ್ರತಿ ತಿರುವಿಗೂ ಪಕ್ಕೆಯನ್ನು ಅಂಗೈಯಿಂದ ಒತ್ತಿಕೊಳ್ಳುತ್ತಿದ್ದರು. ರಾತ್ರಿ ಕೆಮ್ಮು ಬಂದಾಗ ಕೆಮ್ಮಲಾಗದೆ ಅತ್ತರು. ಉಬ್ಬಸದವರಿಗೆ ಇದು ಬರೀ ನೋವಿನ ಮಾತಲ್ಲ. ಕಫ ಹೊರಬರದಿದ್ದರೆ ನ್ಯುಮೋನಿಯಾ ಆಗಬಹುದು.

ಎಕ್ಸ್‌ರೇಯಲ್ಲಿ ಪಕ್ಕೆಲುಬು ಮುರಿದಿತ್ತು. ಅದಕ್ಕಿಂತ ನನ್ನನ್ನು ಕಲಕಿದ್ದು ಇನ್ನೊಂದು: ಬೆನ್ನೆಲುಬಿನ ಎರಡು ಮೂಳೆಗಳು ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರವಾಗಿದ್ದವು, ಅವು ಹಳೆಯವು. ಆ ಗೂನು ಕೂರುವ ಭಂಗಿಯಿಂದ ಬಂದದ್ದೇ ಆಗಿರಲಿಲ್ಲ. ಸೀರೆ ಉದ್ದವಾಗಿರಲಿಲ್ಲ, ಅತ್ತೆ ಗಿಡ್ಡವಾಗಿದ್ದರು. ಎಲುಬಿನ ಸಾಂದ್ರತೆಯ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ, ಎನ್ನುತ್ತಾರೆ. ಅತ್ತೆಯವರದು ಮೈನಸ್ 3.1. ಮುಟ್ಟು ನಿಂತ ಮೇಲೆ ಎಲುಬು ಹೇಗೂ ಸವೆಯುತ್ತದೆ, ಸ್ಟೀರಾಯ್ಡ್ ಅದನ್ನು ಇನ್ನಷ್ಟು ಟೊಳ್ಳು ಮಾಡುತ್ತದೆ. ಅಂಥ ಬೆನ್ನಿನ ಮೇಲೆ ಅವನು ಮೊಣಕೈ ಊರಿದ್ದ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ನಿಮ್ಮನ್ನು ಏನೂ ವಿಚಾರಿಸದೆ ಮೈಮೇಲೆ ಕೈ ಇಡುವವರ ಎದುರಿನಿಂದ ಎದ್ದು ಬನ್ನಿ. ವಯಸ್ಸಾದವರ ಬೆನ್ನು ಬಾಗುತ್ತಿದ್ದರೆ ಮೊದಲು ಎಲುಬು ತಜ್ಞರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಬಲವಾದ ಒತ್ತಡ ಕೂಡದು. ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಓಡಿ. ಕುತ್ತಿಗೆಯನ್ನು ತಟ್ಟನೆ ತಿರುಗಿಸಿ ಲಟಿಕೆ ತೆಗೆಯಲು ಯಾರಿಗೂ ಬಿಡಬೇಡಿ. ಅಲ್ಲಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದುಂಟು.

ಹಣ ವಾಪಸ್ ಕೇಳಲು ಹೋದಾಗ ಇನ್ನೊಂದು ಗೊತ್ತಾಯಿತು. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳಿಗೆ ರಾಜ್ಯದ 2007ರ ಕಾಯ್ದೆಯಂತೆ ನೋಂದಣಿ ಬೇಕು. ಅವರ ಗೋಡೆಯಲ್ಲಿ ಅಂಥ ಪತ್ರ ಇರಲಿಲ್ಲ. ನಮ್ಮ ರಸೀದಿಯಲ್ಲಿ ಚಿಕಿತ್ಸೆ ಎಂಬ ಪದವೇ ಇಲ್ಲ, ‘ಕ್ಷೇಮ ತರಬೇತಿ ಶುಲ್ಕ’ ಎಂದಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಎಕ್ಸ್‌ರೇ, ರಸೀದಿ, ಆ ಎರಡು ಫೋಟೊ, ಎಲ್ಲವನ್ನೂ ಒಂದೇ ಕಡತದಲ್ಲಿ ಇಟ್ಟಿದ್ದೇನೆ.