ಮರದ ರಾಕೆಟ್ ಕಿಟ್: ರಾಕೆಟ್ ಚೆನ್ನಾಗಿದೆ, ಅಂಟು ದಂಡ

ತುಮಕೂರಿನ ಎಂ.ಜಿ. ರಸ್ತೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ ಮಗಳಿಗೆ ಎಲ್‌ವಿಎಂ3 ರಾಕೆಟ್‌ನ ಮರದ ಕಿಟ್ ತಂದೆ. 480 ರೂಪಾಯಿ. ಚಂದ್ರಯಾನ-3 ಹೊತ್ತುಕೊಂಡು ಹೋಗಿದ್ದು ಇದೇ ರಾಕೆಟ್.

ಅಳತೆ ಮೆಚ್ಚಬೇಕು. ಅಸಲಿ ರಾಕೆಟ್ 43.5 ಮೀಟರ್, ಇದು 43 ಸೆಂಟಿಮೀಟರ್ ಚಿಲ್ಲರೆ. ಪಕ್ಕದಲ್ಲಿ ಎರಡು ಘನ ಇಂಧನದ ಬೂಸ್ಟರ್, ನಡುವೆ ದ್ರವ ಇಂಧನದ ಹಂತ, ಅದರ ಮೇಲೆ ಕ್ರಯೋಜೆನಿಕ್ ಅಂದರೆ ಅತಿ ತಣ್ಣಗಿಟ್ಟ ಇಂಧನದ ಹಂತ, ಎಲ್ಲವನ್ನೂ ಬೇರೆ ಬೇರೆ ಬಿಚ್ಚಬಹುದು, ಹಾಗಾಗಿ ಯಾವುದು ಮೊದಲು ಕಳಚಿ ಬೀಳುತ್ತದೆ ಅಂತ ಮಗುವಿಗೆ ಕೈಯಲ್ಲೇ ತೋರಿಸಬಹುದು.

ಆದರೆ ಚಂದ್ರನ ಮೇಲೆ ಇಳಿಯುವ ವಿಕ್ರಮ್ ಲ್ಯಾಂಡರ್‌ಗೆ ಡಬ್ಬಿಯಲ್ಲಿ ಮೂರೇ ಕಾಲು! ಅಸಲಿಗೆ ನಾಲ್ಕು ಅಲ್ವಾ? ಕಂಡುಹಿಡಿದದ್ದು ಮಗಳೇ, ನಾಲ್ಕನೆಯದನ್ನು ಬೆಂಕಿಕಡ್ಡಿಯಲ್ಲಿ ಮಾಡಿಕೊಂಡಳು. ಅಂಟು ಅಂತೂ ನೀರು. ಕನ್ನಡದಲ್ಲಿ ಒಂದು ಸಾಲು ಸೂಚನೆಯೂ ಇಲ್ಲ. ಬಾವುಟದ ಸ್ಟಿಕ್ಕರ್ ಮಾತ್ರ ಐದು ಕೊಟ್ಟಿದ್ದಾರೆ, ಸುಮ್ನೆ.

2023ರ ಆಗಸ್ಟ್ 23ರ ಸಂಜೆ 6:04ಕ್ಕೆ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದವರಿಗೆ ಯಾರೂ ಸ್ಟಿಕ್ಕರ್ ಹಂಚಿರಲಿಲ್ಲ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದಾಗ ಬೆಳಗಿನ ಜಾವದವರೆಗೆ ಎದ್ದು ಕೂತಿದ್ದವರೇ ಜಾಸ್ತಿ ಕೂಗಿದ್ದು. ಅಪ್ಪ ಇಲ್ಲಿನ ಎಚ್‌ಎಂಟಿಯಲ್ಲಿ ಗಡಿಯಾರ ಜೋಡಿಸುತ್ತಿದ್ದವರು. ಕಾರ್ಖಾನೆ ಮುಚ್ಚಿ, ಆ ಜಾಗ ಇಸ್ರೋಗೆ ಹೋಯಿತು. ಅಪ್ಪ ಕಿಟ್ಟನ್ನು ತಿರುಗಿಸಿ ನೋಡಿ, "ಫಿನಿಶಿಂಗ್ ಸಾಲದು" ಅಂದರು, ಆಮೇಲೆ ತಾವೇ ಉಪ್ಪುಕಾಗದ ಹಿಡಿದು ಕೂತರು.

ಐದಕ್ಕೆ ಮೂರೂವರೆ. ತಗೊಳ್ಳಿ, ಆದರೆ ಅಂಗಡಿಯಲ್ಲೇ ಡಬ್ಬಿ ತೆಗೆಸಿ ಕಾಲು ಎಣಿಸಿ, ಫೆವಿಕಾಲ್ ಬೇರೆ ತನ್ನಿ.