ಉಯಿಲೋ, ದಾನಪತ್ರವೋ: ಜಯನಗರದ ಮನೆಯನ್ನು ಮಗಳಿಗೆ ಕೊಡುವಾಗ

ಭಾರತದಲ್ಲಿ ಎಸ್ಟೇಟ್ ಸುಂಕ (ಸತ್ತವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ರದ್ದಾಗಿದೆ; ಮಗಳು ಮನೆಯನ್ನು ಉಯಿಲಿನಿಂದ ಪಡೆದರೂ ದಾನಪತ್ರದಿಂದ ಪಡೆದರೂ, ಪಡೆದ ಕಾರಣಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ವ್ಯತ್ಯಾಸವಿರುವುದು ಹಿಡಿತದಲ್ಲಿ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು, ಬದುಕಿರುವವರೆಗೆ ಬದಲಿಸಬಹುದು. ದಾನಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆಮೇಲೆ ಮನಸ್ಸು ಬದಲಾದರೂ ಹಿಂಪಡೆಯುವುದು ಬಲು ಕಷ್ಟ. ಹಿರಿಯ ನಾಗರಿಕರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ, ಅದು ಪಾಲನೆಯಾಗದಾಗ ದಾನವನ್ನು ರದ್ದುಪಡಿಸಲು ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಂ ನೆರವಿಗೆ ಬರುತ್ತದೆ. ಆ ಒಂದು ಸಾಲನ್ನು ಬಿಡಬಾರದು.

ತೆರಿಗೆ ಎದುರಾಗುವುದು ಮಾರುವಾಗ. ಎರಡು ದಾರಿಯಲ್ಲೂ ತಂದೆ ಕೊಂಡ ಬೆಲೆಯೇ ಮಗಳ ಖರೀದಿ ಬೆಲೆ. 2005–06ರಲ್ಲಿ 20 ಲಕ್ಷಕ್ಕೆ ಕೊಂಡ ಮನೆಯನ್ನು 2025–26ರಲ್ಲಿ 1.2 ಕೋಟಿಗೆ ಮಾರಿದರೆ, 2024ರ ಜುಲೈ 23ರಿಂದ ಜಾರಿಯಾದ ಶೇ. 12.5ರ ದರದಲ್ಲಿ 1 ಕೋಟಿ ಲಾಭಕ್ಕೆ ತೆರಿಗೆ 12.5 ಲಕ್ಷ. ತಂದೆಯೇ ಮಾರಿದರೆ, ಆ ದಿನಕ್ಕೂ ಮುಂಚೆ ಕೊಂಡ ಮನೆಯಾದ್ದರಿಂದ, ಹಣದುಬ್ಬರ ಸೂಚ್ಯಂಕದೊಂದಿಗೆ (ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಿ) ಶೇ. 20ರ ಹಳೆಯ ಲೆಕ್ಕವನ್ನು ಆರಿಸಿಕೊಂಡು ಸುಮಾರು 11.15 ಲಕ್ಷಕ್ಕೆ ಮುಗಿಸಬಹುದು (ಸೆಸ್, ಸರ್ಚಾರ್ಜ್ ಬೇರೆ). ಮಗಳು ಮಾರುವಾಗಲೂ ಈ ಆಯ್ಕೆ ಸಿಗುವುದು ಖಚಿತವಲ್ಲದ್ದರಿಂದ, ಆಕೆಗೆ ಮನೆಗಿಂತ ಹಣವೇ ಬೇಕಿದ್ದರೆ, ತಂದೆಯೇ ಮಾರಿ ಹಣ ಕೊಡುವ ಈ ಮೂರನೆಯ ದಾರಿಯೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ದಂಪತಿಗಳ ನಡುವಿನ ಲೆಕ್ಕವೇ ಬೇರೆ. ಪತ್ನಿಗೆ ದಾನವಾಗಿ ಕೊಟ್ಟ ಮನೆಯ ಬಾಡಿಗೆ ಪತಿಯ ಆದಾಯಕ್ಕೇ ಸೇರುತ್ತದೆ. ಪ್ರತ್ಯೇಕವಾಗಿ ಬಾಳುವ ಒಪ್ಪಂದದ ಅಂಗವಾಗಿ ಕೊಟ್ಟರೆ ಹಾಗಾಗದು. ವಿಚ್ಛೇದನದ ಡಿಕ್ರಿಯಾದ ಮೇಲೆ ಆಕೆ ತೆರಿಗೆ ಕಾನೂನಿನ ‘ಸಂಬಂಧಿ’ಯಾಗಿ (ಅಂಥವರ ನಡುವಿನ ದಾನಕ್ಕೆ ಪಡೆದವರು ತೆರಿಗೆ ಕಟ್ಟಬೇಕಿಲ್ಲ) ಉಳಿಯುವುದಿಲ್ಲವಾದ್ದರಿಂದ, ವರ್ಗಾವಣೆಯನ್ನು ಅದಕ್ಕೂ ಮುಂಚೆಯೇ ನೋಂದಾಯಿಸಿಕೊಳ್ಳುವುದು ಕ್ಷೇಮ.